ನೆಲದ ಮೇಲೆ ಒಂದು ಹನಿ ಇಲ್ಲ, ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ?

ಪ್ರಶ್ನೆ: ಸರ್, ನಮ್ಮದು ಗೋಕಾಕ. ಈಗ ಪುಣೆಯ ಚಿಂಚವಡದಲ್ಲಿ ಇದ್ದೇವೆ. ದೀಪಾವಳಿಗೆ ಮುಂಚೆ ಎಂಟು ವರ್ಷದ ಹಳೇ ಪೆಟ್ರೋಲ್ ಕಾರೊಂದನ್ನು ತಗೊಂಡೆ. ಹೊರಗಡೆ ಹಾಕಿಸಿದ ಸಿಎನ್‌ಜಿ ಕಿಟ್ ಇದೆ. ವಾರಕ್ಕೊಮ್ಮೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬಾಟಲಿಯ ಕೆಳಗಿನ ಗೆರೆಗಿಂತ ಇಳಿದಿರುತ್ತದೆ. ಪಾರ್ಕಿಂಗ್‌ನಲ್ಲಿ ನೋಡಿದರೆ ನೆಲ ಒಣಗಿಯೇ ಇರುತ್ತದೆ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಅನ್ನುತ್ತಾನೆ. ಇನ್ನೊಬ್ಬ ಹೆಡ್ ಗ್ಯಾಸ್ಕೆಟ್ (ಎಂಜಿನ್ ಮತ್ತು ಅದರ ಮೇಲ್ಭಾಗವಾದ ಹೆಡ್ ನಡುವಿನ ಸೀಲ್) ಹೋಗಿದೆ ಅನ್ನುತ್ತಾನೆ. ಮೂರನೆಯವನು "ಪಾಣಿ ಟಾಕಾ, ಕಾಹಿ ಹೋತ್ ನಾಹಿ" (ನೀರು ಹಾಕಿ, ಏನೂ ಆಗುವುದಿಲ್ಲ) ಅಂದುಬಿಟ್ಟ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರದ್ದೂ ಬೇಡ. ಮೂವರೂ ಬಾನೆಟ್ ಎತ್ತಿ ನೋಡಿ ಊಹೆ ಮಾಡಿದ್ದಾರೆ, ಯಾರೂ ಪ್ರೆಶರ್ ಹಾಕಿ ಪರೀಕ್ಷೆ ಮಾಡಿದ ಹಾಗೆ ಕಾಣುವುದಿಲ್ಲ. ಪರೀಕ್ಷೆ ಆಗುವವರೆಗೆ ಯಾವ ಬಿಡಿಭಾಗಕ್ಕೂ ದುಡ್ಡು ಬಿಚ್ಚಬೇಡಿ.

ಮೊದಲು ನಿಮ್ಮ ದೊಡ್ಡ ಅನುಮಾನಕ್ಕೆ ಬರೋಣ. ಕೆಳಗೆ ಹನಿ ಬಿದ್ದಿಲ್ಲ ಅಂದರೆ ಸೋರುತ್ತಿಲ್ಲ ಅಂತಲ್ಲ. ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಗ್ಯಾಸ್ಕೆಟ್ ಸಡಿಲವಾದರೆ ಕುಕ್ಕರ್ ಕೂಗುವುದೇ ಇಲ್ಲ. ಪಕ್ಕದಿಂದ ಸುಮ್ಮನೆ ಆವಿ ಹೋಗುತ್ತಿರುತ್ತದೆ, ಒಲೆಯ ಮೇಲೆ ನೀರು ಬಿದ್ದಿರುವುದಿಲ್ಲ, ಒಳಗೆ ಬೇಳೆ ಮಾತ್ರ ಸೀದಿರುತ್ತದೆ. ಕಾರಿನ ಕೂಲಿಂಗ್ ವ್ಯವಸ್ಥೆಯೂ ಹೀಗೆ ಬಾಯಿ ಮುಚ್ಚಿದ ಪಾತ್ರೆ. ರೇಡಿಯೇಟರ್ ಅಥವಾ ಬಾಟಲಿಯ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಅಂಕಿ ಇರುವುದನ್ನು ನೋಡಿರಬಹುದು. ಆ ಕ್ಯಾಪ್ ಎಷ್ಟು ಒತ್ತಡ ತಡೆಯುತ್ತದೆ ಅನ್ನುವುದರ ಲೆಕ್ಕ ಅದು. ಹೊರಗಿನ ಗಾಳಿಗಿಂತ ಒಂದು ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಜಾಸ್ತಿ ಒತ್ತಡ ಇದ್ದರೆ ಬರೀ ನೀರೂ 100ರ ಬದಲು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅದಕ್ಕೇ ಎಂಜಿನ್ 90–100 ಡಿಗ್ರಿಯಲ್ಲಿ ಆರಾಮಾಗಿ ಓಡುತ್ತದೆ.

ಈ ಒತ್ತಡ ಇರುವುದು ಎಂಜಿನ್ ಬಿಸಿ ಇದ್ದಾಗ ಮಾತ್ರ. ಹಾಗಾಗಿ ಸಣ್ಣ ಸೋರಿಕೆ ಗಾಡಿ ಓಡುವಾಗ ಜೋರಾಗುತ್ತದೆ. ಹನಿ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ನೀವು ಮನೆಗೆ ಬಂದು ಗಾಡಿ ನಿಲ್ಲಿಸುತ್ತೀರಿ, ಎಂಜಿನ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಸೋರುವುದೂ ನಿಲ್ಲುತ್ತದೆ. ಬೆಳಗ್ಗೆ ನೆಲ ಒಣಗಿರದೆ ಇನ್ನೇನು?

ಆದರೆ ಕೂಲೆಂಟ್ ಕಲೆ ಬಿಡದೆ ಹೋಗುವುದಿಲ್ಲ. ನೀರು ಆರಿದ ಮೇಲೆ ಹಿಂದೆ ಉಪ್ಪು ಕಟ್ಟಿದ ಹಾಗೆ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಪುಡಿ ಉಳಿಯುತ್ತದೆ. ಹುಡುಕಬೇಕಾದದ್ದು ಅದನ್ನೇ. ಭಾನುವಾರ ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ನಿಲ್ಲಿ. ಹೋಸ್ ಪೈಪ್‌ಗಳ ತುದಿ, ಕ್ಲಿಪ್ ಕೂತಿರುವ ಜಾಗ, ಅದರ ಕೆಳಭಾಗಕ್ಕೆ ಬೆರಳು ಹಾಯಿಸಿ. ಪೈಪನ್ನು ಹಿಂಡಿ ನೋಡಿ. ಹಪ್ಪಳದ ಹಾಗೆ ಕರಕರ ಅಂದರೆ, ಅಥವಾ ತುದಿ ಉಬ್ಬಿ ಮೆತ್ತಗಾಗಿದ್ದರೆ, ಅದರ ಕಾಲ ಮುಗಿಯಿತು. ರೇಡಿಯೇಟರ್‌ನ ಮಧ್ಯಭಾಗ ಅಲ್ಯೂಮಿನಿಯಂ, ಎರಡು ಕಡೆಯ ಟ್ಯಾಂಕ್ ಪ್ಲಾಸ್ಟಿಕ್. ಎರಡನ್ನೂ ಮಡಚಿ ಒತ್ತಿ ಕೂಡಿಸಿರುತ್ತಾರೆ. ವಯಸ್ಸಾದ ರೇಡಿಯೇಟರ್ ಬೆವರುವುದು ಸಾಮಾನ್ಯವಾಗಿ ಆ ಕೂಡು ಜಾಗದಲ್ಲೇ. ವಾಟರ್ ಪಂಪ್‌ನ ಹೊಟ್ಟೆಯ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಹೊರಗೆ ಗೊತ್ತಾಗಲಿ ಅಂತಲೇ ಅದನ್ನು ಇಟ್ಟಿದ್ದಾರೆ. ಅಲ್ಲಿಂದ ಬಣ್ಣದ ಗೆರೆ ಇಳಿದಿದ್ದರೆ ಪಂಪ್ ಹೋಗಿದೆ. ಪಂಪ್ ಟೈಮಿಂಗ್ ಬೆಲ್ಟ್‌ನಿಂದ ತಿರುಗುವ ಎಂಜಿನ್ ಆಗಿದ್ದರೆ ಬೆಲ್ಟನ್ನೂ ಒಟ್ಟಿಗೆ ಬದಲಿಸಿ. ಬಿಚ್ಚುವ ಕೂಲಿ ಎರಡಕ್ಕೂ ಒಂದೇ.

ಎಸಿ ಹಾಕಿದಾಗ ಕೆಳಗೆ ಬೀಳುವ ನೀರನ್ನು ನೋಡಿ ಗಾಬರಿಯಾಗಬೇಡಿ. ಅದಕ್ಕೆ ಬಣ್ಣ, ವಾಸನೆ, ಅಂಟು ಯಾವುದೂ ಇರುವುದಿಲ್ಲ. ಕೂಲೆಂಟ್ ಬೆರಳಿಗೆ ಸ್ವಲ್ಪ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ರುಚಿ ನೋಡುವ ಸಾಹಸ ಮಾತ್ರ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಸೊಸೈಟಿ ಪಾರ್ಕಿಂಗ್‌ನಲ್ಲಿ ಚೆಲ್ಲಿದರೆ ಕೂಡಲೇ ನೀರು ಹಾಕಿ ಒರೆಸಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಸಿಎನ್‌ಜಿ ಕಿಟ್. ಮುಂಬಯಿ, ಪುಣೆಯಲ್ಲಿ ಹಳೇ ಗಾಡಿ ತಗೊಳ್ಳುವವರಿಗೆ ಇದು ಮುಖ್ಯ. ನಮ್ಮೂರ ಕಡೆ ಈ ಕಿಟ್ ಇಷ್ಟು ಕಾಣುವುದಿಲ್ಲ, ಹಾಗಾಗಿ ಅಲ್ಲಿಯ ಸ್ನೇಹಿತರನ್ನು ಕೇಳಿದರೆ ಇದು ಹೊಳೆಯಲಿಕ್ಕಿಲ್ಲ. ಸಿಲಿಂಡರ್‌ನಲ್ಲಿ ಗ್ಯಾಸ್ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಎಂಜಿನ್‌ಗೆ ಹೋಗುವ ಮುಂಚೆ ರೆಡ್ಯೂಸರ್ ಅನ್ನುವ ಡಬ್ಬಿಯಲ್ಲಿ ಒತ್ತಡ ಇಳಿಸುತ್ತಾರೆ. ಒತ್ತಡ ಹಾಗೆ ದಿಢೀರನೆ ಇಳಿದಾಗ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ, ಡಬ್ಬಿ ಮಂಜುಗಟ್ಟುವಷ್ಟು. ಅದನ್ನು ಬೆಚ್ಚಗಿಡಲು ಎಂಜಿನ್ನಿನ ಬಿಸಿ ಕೂಲೆಂಟನ್ನೇ ಅದರೊಳಗೆ ಹಾಯಿಸುತ್ತಾರೆ. ಹೊರಗಡೆ ಕಿಟ್ ಕೂಡಿಸುವಾಗ ಹೀಟರ್‌ಗೆ ಹೋಗುವ ಹೋಸನ್ನು ಕತ್ತರಿಸಿ, ಟಿ ಆಕಾರದ ಜಾಯಿಂಟ್ ಸೇರಿಸಿ, ಎರಡು ಪೈಪ್ ಎಳೆಯುತ್ತಾರೆ. ಅಂದರೆ ಕಂಪನಿ ಕೊಟ್ಟ ವ್ಯವಸ್ಥೆಯಲ್ಲಿ ಇಲ್ಲದ ಹಲವು ಹೊಸ ತುದಿ, ಹೊಸ ಕ್ಲಿಪ್. ಕಿಟ್ ಜೊತೆ ಬಂದ ಅಗ್ಗದ ಪೈಪ್ ನಾಲ್ಕೈದು ಬೇಸಿಗೆ ಕಂಡ ಮೇಲೆ ಗಟ್ಟಿಯಾಗುತ್ತದೆ. ಕ್ಲಿಪ್ ಅಷ್ಟೇ ಬಿಗಿಯಾಗಿದ್ದರೂ ಪೈಪ್ ಕುಗ್ಗಿರುತ್ತದೆ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮೊದಲ ಹಳೇ ಕಾರು ಕೂಡ ಸಿಎನ್‌ಜಿಯದ್ದೇ. ಮಾರಿದವನು ಎಂಜಿನ್ ಜಾಗವನ್ನು ಮದುವಣಗಿತ್ತಿ ಹಾಗೆ ತೊಳೆದು ಹೊಳಪು ಹಚ್ಚಿಸಿದ್ದ. ಸೋರಿದ ಕಲೆಯೆಲ್ಲಾ ಆ ತೊಳೆತದಲ್ಲೇ ಹೋಗಿತ್ತು ಅಂತ ಆಮೇಲೆ ತಿಳಿಯಿತು. ತಿಂಗಳಲ್ಲಿ ಎರಡು ಸಲ ಬಾಟಲಿ ಖಾಲಿ. ಒಂದು ಗ್ಯಾರೇಜ್‌ನವರು ರೇಡಿಯೇಟರ್ ಬದಲಿಸಿದರು, ನಾನೂ ತಲೆಯಾಡಿಸಿ ದುಡ್ಡು ಕೊಟ್ಟೆ. ಮುಂದಿನ ವಾರ ಮತ್ತೆ ಖಾಲಿ. ಕೊನೆಗೆ ಹಳೇ ಮಿಸ್ತ್ರಿ ಒಬ್ಬರು ಪ್ರೆಶರ್ ಪಂಪ್ ಹಾಕಿ, ಬ್ಯಾಟರಿ ಹಿಂದೆ ಕನ್ನಡಿ ತೂರಿಸಿ ತೋರಿಸಿದರು. ರೆಡ್ಯೂಸರ್‌ನ ಕೆಳಗಿನ ಟಿ ಜಾಯಿಂಟ್‌ನಿಂದ ಸೂಜಿಯಷ್ಟು ಸಣ್ಣ ಧಾರೆ ಎಕ್ಸಾಸ್ಟ್ ಕಡೆಗೆ ಚಿಮ್ಮುತ್ತಿತ್ತು. ಒಂದು ಮೊಳ ಪೈಪ್, ಎರಡು ಕ್ಲಿಪ್. ಅವರು ಚಹಾ ಮುಗಿಸುವ ಹೊತ್ತಿಗೆ ಕೆಲಸ ಮುಗಿದಿತ್ತು. ಬಿಚ್ಚಿದ ಹಳೇ ರೇಡಿಯೇಟರ್ ಏನಾಯಿತೋ, ನಾನು ಕೇಳಲೇ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ನಿಮ್ಮ ಗಾಡಿಯಲ್ಲಿ ಮೊದಲು ರೆಡ್ಯೂಸರ್‌ಗೆ ಹೋಗುವ ಎರಡು ನೀರಿನ ಪೈಪ್ ಹುಡುಕಿ. ಆಮೇಲೆ ಕ್ಯಾಪ್. ಕ್ಯಾಪಿನ ರಬ್ಬರ್ ಸೀಳಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟ್ ಬೇಗ ಕುದಿದು ಹೊರಗೆ ಉಕ್ಕುತ್ತದೆ. ಹೊಸದು ತಗೊಳ್ಳುವಾಗ ಹಳೆಯದರ ಮೇಲಿನ ಅಂಕಿಯೇ ಇರಲಿ. ಜಾಸ್ತಿ ಅಂಕಿ ಅಂದರೆ ಜಾಸ್ತಿ ಒಳ್ಳೆಯದು ಅಂತ ಹಾಕಿಸಿದರೆ ಹಳೇ ಪೈಪ್‌ಗಳು ಬಾಯಿ ಬಿಡುತ್ತವೆ. ಪುಣೆಯಲ್ಲಿ ಇಂಥ ಚಿಲ್ಲರೆ ಸಾಮಾನಿಗೆ ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳೇ ಸರಿ. ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕಣ್ಣಿಗೆ ಏನೂ ಕಾಣಲಿಲ್ಲ ಅಂದರೆ ಪ್ರೆಶರ್ ಟೆಸ್ಟ್. ಸೈಕಲ್ ಪಂಪ್‌ನಂಥ ಒಂದು ಕೈಪಂಪ್, ಅದಕ್ಕೊಂದು ಗೇಜ್. ತಣ್ಣಗಿನ ಎಂಜಿನ್‌ನಲ್ಲಿ ಕ್ಯಾಪ್ ತೆಗೆದು ಅದನ್ನು ಕೂಡಿಸಿ, ಕ್ಯಾಪಿನ ಮೇಲಿನ ಅಂಕಿಯಷ್ಟೇ ಒತ್ತಡ ತುಂಬಿ, ಹದಿನೈದು ನಿಮಿಷ ಬಿಡುತ್ತಾರೆ. ಎಂಜಿನ್ ತಣ್ಣಗಿರುವುದರಿಂದ ಹನಿ ಆವಿಯಾಗುವುದಿಲ್ಲ, ಬಿದ್ದ ಜಾಗ ಒದ್ದೆಯಾಗಿಯೇ ಇರುತ್ತದೆ. ಈ ಪರೀಕ್ಷೆಯ ಜಾಣತನ ಇರುವುದೇ ಅಲ್ಲಿ. ರೇಡಿಯೇಟರ್ ಕೆಲಸ ಮಾಡುವ ಒಳ್ಳೆಯ ಅಂಗಡಿಯಲ್ಲಿ ಈ ಪಂಪ್ ಇರುತ್ತದೆ. ಇಲ್ಲ ಅಂದವರ ಹತ್ತಿರ ಹೆಡ್ ಬಿಚ್ಚಿಸುವ ಮಾತಂತೂ ಬೇಡ.

ಗೇಜ್ ಇಳಿಯುತ್ತದೆ, ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೆ ಸೋರಿಕೆ ಒಳಗಡೆ. ಆಗ ಮುಂದಿನ ಎಡಗಡೆ ಸೀಟಿನ ಕಾಲಡಿಯ ಕಾರ್ಪೆಟ್ ಕೆಳಗೆ ಕೈಹಾಕಿ ನೋಡಿ. ಅಂಟಂಟು ತೇವ, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆ ಸವರಿದ ಹಾಗೆ ಮಬ್ಬು ಇದ್ದರೆ ಹೀಟರ್ ಕಾಯಿಲ್ ತೂತಾಗಿದೆ. ಹೀಟರ್ ನಾವು ಇಲ್ಲಿ ವರ್ಷಕ್ಕೆ ನಾಲ್ಕು ದಿನವೂ ಹಾಕುವುದಿಲ್ಲ, ಆದರೂ ಎಷ್ಟೋ ಗಾಡಿಗಳಲ್ಲಿ ಕೂಲೆಂಟ್ ಅದರೊಳಗೆ ಸದಾ ಹರಿಯುತ್ತಲೇ ಇರುತ್ತದೆ.

ಇನ್ನು ಹೆಡ್ ಗ್ಯಾಸ್ಕೆಟ್. ಈ ಹೆಸರು ಕೇಳಿಯೇ ಅರ್ಧ ಜನ ಗಾಡಿ ಮಾರಿಬಿಡುತ್ತಾರೆ. ಎಂಜಿನ್ ಓಡುವಾಗ ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೆ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಅನುಮಾನ ಪಡಬೇಕು. ಆದರೆ ಡಿಸೆಂಬರ್‌ನ ಪುಣೆಯ ಬೆಳಗಿನಲ್ಲಿ ಎರಡು ನಿಮಿಷ ಬಿಳಿ ಹಬೆ ಬರುವುದು ಸಹಜ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಇದ್ದರೆ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಕೆನೆ ಕಟ್ಟುವುದೂ ಸಹಜ. ಅಷ್ಟಕ್ಕೇ ತೀರ್ಪು ಕೊಡುವವರನ್ನು ನಂಬಬೇಡಿ. ಇದಕ್ಕೂ ಪರೀಕ್ಷೆ ಇದೆ. ಬಾಟಲಿಯ ಬಾಯಿಂದ ಬರುವ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಎಂಜಿನ್ನಿನ ಹೊಗೆ ಅದರಲ್ಲಿ ಸೇರಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹಳದಿಯಾದರೆ ಮಾತ್ರ ಹೆಡ್ ಬಿಚ್ಚುವ ಮಾತು. ಡೀಸೆಲ್ ಗಾಡಿಯವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಅಂತ ಇನ್ನೊಬ್ಬ ಕಳ್ಳ ಇದ್ದಾನೆ. ಅದು ಒಳಗೆ ಒಡೆದರೂ ಕೂಲೆಂಟ್ ಹೊಗೆಯ ಜೊತೆ ಹೋಗುತ್ತದೆ, ಹನಿ ಕಾಣುವುದಿಲ್ಲ.

ಮೂರನೇ ಮೆಕ್ಯಾನಿಕ್ ಹೇಳಿದ ನೀರಿನ ವಿಚಾರ. ದಾರಿಯಲ್ಲಿ ಸಿಕ್ಕಿಬಿದ್ದಾಗ ನೀರು ಹಾಕಿ ಮನೆ ಸೇರುವುದು ತಪ್ಪಲ್ಲ. ದಿನಾ ಅದನ್ನೇ ಮಾಡಿದರೆ ಕೂಲೆಂಟ್ ತೆಳುವಾಗುತ್ತಾ ಹೋಗುತ್ತದೆ, ತುಕ್ಕು ತಡೆಯುವ ರಾಸಾಯನಿಕವೂ ಅದರ ಜೊತೆ ಹೋಗುತ್ತದೆ. ಬೋರ್‌ವೆಲ್ ನೀರಾದರೆ ಬಾಯ್ಲರ್‌ಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಹಳೇ ಲಾರಿ ಡ್ರೈವರ್‌ಗಳು ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುತ್ತಿದ್ದರು. ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ, ನಿಜ. ಆದರೆ ತೂತು ಯಾವುದು, ಕೂದಲೆಳೆಯಂಥ ಹೀಟರ್ ನಾಳ ಯಾವುದು ಅಂತ ಅರಿಶಿನಕ್ಕೇನು ಗೊತ್ತು? ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್ ಡಬ್ಬಿಯೂ ಇದರ ಅಣ್ಣತಮ್ಮನೇ.

ಸೋರಿಕೆ ಸಿಕ್ಕಿ ಸರಿಯಾದ ಮೇಲೆ ಹಳೇ ಕೂಲೆಂಟ್ ಪೂರ್ತಿ ತೆಗೆಸಿ. ಹಿಂದಿನ ಮಾಲೀಕ ಏನು ಬೆರೆಸಿದ್ದನೋ ಯಾರಿಗೆ ಗೊತ್ತು. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರು ಆಗಬೇಕಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯನ್ನೇ ತನ್ನಿ. ಗಟ್ಟಿ ಕೂಲೆಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಡಬ್ಬಿಯ ಮೇಲೆ ಪ್ರೀಮಿಕ್ಸ್ ಅಂತ ಇದ್ದರೆ ಏನೂ ಬೆರೆಸಬಾರದು. ತುಂಬಿದ ಮೇಲೆ ಗಾಳಿ ತೆಗೆಯದೆ ಬಿಟ್ಟರೆ ರಿಪೇರಿ ಆದ ಗಾಡಿಯೂ ಬಿಸಿಯಾಗುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಪೂರ್ತಿ ಆರಿದ ಮೇಲೆ ಕಮ್ಮಿಯಾದಷ್ಟು ಮತ್ತೆ ತುಂಬಬೇಕು. ಬಾಟಲಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ, ಹದಿನೈದು ದಿನ ಬೆಳಗ್ಗೆ ಮಾತ್ರ ನೋಡಿ. ಬಿಸಿ ಇದ್ದಾಗ ಮಟ್ಟ ಏರಿಯೇ ಇರುತ್ತದೆ.

ಅಲ್ಲಿಯವರೆಗೆ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿ. ಗೋಕಾಕದ ದಾರಿಯಲ್ಲಿ ಖಂಬಾಟ್ಕಿ ಘಾಟ್ ಇದೆ. ಅದೂ ಮನೆಯವರೆಲ್ಲಾ ಕೂತು, ಎಸಿ ಹಾಕಿ, ಲಾರಿಯ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತುವಾಗಲೇ ಸಣ್ಣ ಸೋರಿಕೆ ದೊಡ್ಡದಾಗುವುದು. ಹೋಗಲೇಬೇಕಾದರೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿರಲಿ. ಮುಳ್ಳಿಲ್ಲದ ಗಾಡಿಯಾದರೆ ಕೆಂಪು ದೀಪದ ಮೇಲೆ. ಏರಿತು ಅನ್ನಿಸಿದ ಕೂಡಲೇ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ತಗೊಂಡು ಎಂಜಿನ್ ನಿಲ್ಲಿಸಿ. ಹೀಟರ್‌ನಿಂದ ದಿಢೀರನೆ ತಣ್ಣನೆ ಗಾಳಿ ಬಂದರೆ ಕೂಲೆಂಟ್ ಪೂರ್ತಿ ಖಾಲಿಯಾಗಿದೆ ಅಂತ ತಿಳಿಯಿರಿ. ಆಗ ಮುಳ್ಳು ಕೆಳಗೆ ಇಳಿದರೂ ನಂಬಬೇಡಿ, ಸೆನ್ಸರ್ ಸುತ್ತ ಅಳೆಯಲು ಕೂಲೆಂಟೇ ಇರುವುದಿಲ್ಲ. ಕ್ಯಾಪ್ ಮುಟ್ಟುವುದು ಮೇಲಿನ ಹೋಸ್ ಕೈಗೆ ತಣ್ಣಗೆ ಸಿಕ್ಕು, ಹಿಂಡಿದರೆ ಮೆತ್ತಗೆ ಅನ್ನಿಸಿದ ಮೇಲೆ. ಅದಕ್ಕೆ ಒಂದು ತಾಸಾದರೂ ಬೇಕು.