ಅಳಿವೆಯಿಂದ ಓದುವ ಮಂಗಳೂರು: ಒಂದು ಅಧ್ಯಯನ ಟಿಪ್ಪಣಿ

ಮಂಗಳೂರಿನ ಇತಿಹಾಸ ಓದಲು ಕೂತರೆ ಮೊದಲು ಎದುರಾಗುವುದು ಆಳಿದವರ ಸಾಲು. ಆಳುಪರು, ವಿಜಯನಗರದವರು, ಪೋರ್ಚುಗೀಸರು, ಕೆಳದಿ ನಾಯಕರು, ಹೈದರ್, ಟಿಪ್ಪು, ಕಡೆಗೆ ಕಂಪನಿ ಸರಕಾರ. ಹೀಗೆ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿಯುವ ತನಕವೂ ನಿಲ್ಲುವುದಿಲ್ಲ. ನನ್ನ ಸಲಹೆ ಇಷ್ಟೇ: ರಾಜರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ನಕಾಶೆ ತೆರೆದು ಅಳಿವೆಯನ್ನು ನೋಡಿ. ಅಂದರೆ ಹೊಳೆ ಸಮುದ್ರ ಸೇರುವ ಬಾಯಿ.

ನೇತ್ರಾವತಿ ಪೂರ್ವದಿಂದ ಬರುತ್ತದೆ. ಗುರುಪುರ ಹೊಳೆ, ಅಂದರೆ ಫಲ್ಗುಣಿ, ಉತ್ತರದ ಕಡೆಯಿಂದ. ಈ ಎರಡನೆಯದು ಸಮುದ್ರದ ಹತ್ತಿರ ಬಂದರೂ ನೇರವಾಗಿ ಒಳಗೆ ನುಗ್ಗುವುದಿಲ್ಲ. ದಡದ ಉದ್ದಕ್ಕೂ ದಕ್ಷಿಣಕ್ಕೆ ಹರಿದು ನೇತ್ರಾವತಿಯ ಜೊತೆ ಸೇರಿ, ಆಮೇಲೆ ಸಮುದ್ರಕ್ಕೆ ಇಳಿಯುತ್ತದೆ. ಹೊಳೆಗೂ ಸಮುದ್ರಕ್ಕೂ ನಡುವೆ ತಣ್ಣೀರುಬಾವಿ, ಬೆಂಗ್ರೆಯ ಮರಳಿನ ಪಟ್ಟಿ. ಆ ಪಟ್ಟಿಯ ಒಳಗಡೆ ನೀರು ಶಾಂತ. ಹಳೆಯ ಬಂದರು ಇರುವುದು ಅಲ್ಲೇ.

ಇದರಲ್ಲಿ ಅನುಕೂಲವೂ ಇದೆ, ತೊಂದರೆಯೂ ಇದೆ. ಒಳಗೆ ಬಂದ ದೋಣಿಗೆ ಅಲೆಯ ಹೊಡೆತ ಇಲ್ಲ. ಆದರೆ ಅಳಿವೆಯಲ್ಲಿ ಮರಳು ತುಂಬುತ್ತದೆ. ದೊಡ್ಡ ಹಡಗು ಒಳಗೆ ಬರಲಾಗದು. ಹೊರಗೆ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲದಲ್ಲಂತೂ ಅದೂ ಕಷ್ಟ. ಮುಂದೆ ಬರುವ ಒಂದೊಂದು ಘಟನೆಯನ್ನೂ ಈ ನಕಾಶೆಯ ಮೇಲೆ ಇಟ್ಟು ನೋಡಿ, ಸುಮಾರು ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೆಣಸು ಮತ್ತು ಕಾಗದಗಳು

6ನೇ ಶತಮಾನದಲ್ಲೇ ಕಾಸ್ಮಸ್ ಎಂಬ ಗ್ರೀಕ್ ಬರಹಗಾರ ಈ ಕರಾವಳಿಯಲ್ಲಿ ಮೆಣಸು ಸಿಗುವ ಬಂದರುಗಳನ್ನು ಹೇಳುವಾಗ 'ಮಂಗರೂತ್' ಎಂದು ಬರೆದಿದ್ದಾನೆ. ಆ ಕಾಲದ ನಂತರ ತುಳುನಾಡನ್ನು ಬಹಳ ಕಾಲ ಆಳಿದವರು ಆಳುಪರು. ಅವರ ಕಾಲದ್ದೆಂದು ಒಂದೇ ವಸ್ತು ನೋಡುವುದಾದರೆ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ ನೋಡಿ. ಪೀಠದ ಶಾಸನದಲ್ಲಿ ಆಳುಪ ರಾಜ ಕುಂದವರ್ಮನ ಹೆಸರಿದೆ. ಕಾಲ ಕ್ರಿ.ಶ. 968. ಇಷ್ಟು ದೊಡ್ಡ ಕಂಚಿನ ಎರಕ ಇಲ್ಲಿತ್ತು ಅನ್ನುವುದನ್ನು ನೆನಪಿಡಿ, ಈಗಲೇ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ಮಂಗಳೂರಿನ ಬಗ್ಗೆ ನನಗೆ ತುಂಬಾ ಇಷ್ಟವಾದ ದಾಖಲೆ ಸಿಕ್ಕಿದ್ದು ಮಂಗಳೂರಿನಲ್ಲಲ್ಲ, ಕೈರೋದಲ್ಲಿ. ಅಲ್ಲಿನ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಳೆಯ ಕಾಗದಗಳನ್ನು ಸುಡದೆ, ಎಸೆಯದೆ ಶತಮಾನಗಳ ಕಾಲ ತುಂಬಿಟ್ಟಿದ್ದರು. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಪತ್ರಗಳಿವೆ. ಇವನ ಊರು ಟ್ಯುನೀಷಿಯಾ. 1132ರ ಹೊತ್ತಿಗೆ ಮಂಗಳೂರಿಗೆ ಬಂದವನು 1149ರವರೆಗೆ ಹೆಚ್ಚುಕಮ್ಮಿ ಇದೇ ಕರಾವಳಿಯಲ್ಲಿದ್ದ. ಆಶು ಎಂಬ ಇಲ್ಲಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರದ್ದು, ಅದನ್ನು ಬರೆದದ್ದು ಮಂಗಳೂರಿನಲ್ಲೇ.

ಇವನ ವ್ಯವಹಾರ ನೋಡಿ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮನ್ನಿನ ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಜೊತೆಗೆ ಇವನಿಗೊಂದು ಲೋಹದ ಕಾರ್ಖಾನೆಯೂ ಇತ್ತು. ಏಡನ್‌ನವರು ಒಡೆದ ತಾಮ್ರದ, ಕಂಚಿನ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಇಂಥ ಆಕಾರದ ಪಾತ್ರೆ ಬೇಕು, ಇಂಥ ದೀಪ ಬೇಕು ಎಂದು ಪತ್ರ ಬರೆಯುತ್ತಿದ್ದರು. ಇಲ್ಲಿ ಕರಗಿಸಿ ಹೊಸದು ಮಾಡಿ ವಾಪಸ್ ಕಳಿಸಬೇಕು. ಕದ್ರಿಯ ಮೂರ್ತಿಯ ಕೆಲಸ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಅನಿಸದು, ಅಲ್ವಾ? ಇವನ ಪರವಾಗಿ ಸರಕಿನೊಂದಿಗೆ ಏಡನ್‌ವರೆಗೂ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ರಾಜರ ಶಾಸನದಲ್ಲಿ ಇಂಥವರ ಹೆಸರು ಸಿಗುವುದೇ ಅಪರೂಪ. ಒಬ್ಬ ಸಾಮಾನ್ಯ ದುಡಿಯುವವನ ಹೆಸರು 12ನೇ ಶತಮಾನದಿಂದ ನಮ್ಮವರೆಗೆ ಬಂದದ್ದು ದೊಡ್ಡ ಭಾಗ್ಯವೇ ಸರಿ.

ಸುಮಾರು 1342ರಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದೇ ಚಿತ್ರವನ್ನು ಇನ್ನಷ್ಟು ತುಂಬುತ್ತಾನೆ. ಪರ್ಷಿಯಾ, ಯೆಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು, ಮೆಣಸು ಮತ್ತು ಶುಂಠಿ ಹೇರಳವಾಗಿತ್ತು ಎಂದು ಬರೆಯುತ್ತಾನೆ. ಊರಾಚೆ ಸುಮಾರು 4000 ಮುಸ್ಲಿಮರಿದ್ದರಂತೆ. ಅವರಿಗೂ ಊರವರಿಗೂ ಆಗಾಗ ಜಗಳ. ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಿತ್ತು. ಈ ಒಂದು ವಾಕ್ಯವನ್ನು ಟಿಪ್ಪಣಿಯಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ. ಬಂದರಿನ ರಾಜಕೀಯ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ವಿಜಯನಗರದ ಕಾಲದಲ್ಲಿ ಬಾರಕೂರು, ಮಂಗಳೂರು ಎರಡೂ ರಾಜ್ಯಗಳೆಂಬ ಆಡಳಿತ ವಿಭಾಗಗಳಾಗಿದ್ದವು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇದೇ ದಾರಿಯಲ್ಲಿ ವಿಜಯನಗರಕ್ಕೆ ಹೋದ. ಮಂಗಳೂರಿನ ಹತ್ತಿರ ಪೂರ್ತಿ ಲೋಹದ ಎರಕದ ದೇವಾಲಯ ಕಂಡು ಬೆರಗಾಗಿ ಬರೆದಿದ್ದಾನೆ.

ಪೋರ್ಚುಗೀಸರು, ಅಕ್ಕಿ ಮತ್ತು ಉಳ್ಳಾಲದ ರಾಣಿ

ಪೋರ್ಚುಗೀಸರು 1526ರಲ್ಲಿ ಮಂಗಳೂರನ್ನು ಗೆದ್ದರು, 1568ರಲ್ಲಿ ಸೇಂಟ್ ಸೆಬಾಸ್ಟಿಯನ್ ಕೋಟೆ ಕಟ್ಟಿದರು. ಇವರಿಗೆ ಬೇಕಿದ್ದದ್ದು ಮೆಣಸು ಮಾತ್ರ ಅಂದುಕೊಳ್ಳುವವರು ಜಾಸ್ತಿ. ಅಕ್ಕಿಯೂ ಅಷ್ಟೇ ಮುಖ್ಯ. ಗೋವಾದ ಊಟಕ್ಕೆ ಮಂಗಳೂರು, ಬಸರೂರು, ಹೊನ್ನಾವರದ ಅಕ್ಕಿ ಬೇಕಿತ್ತು. ಆಮೇಲೆ ಕೆಳದಿ ನಾಯಕರು ಇವರೊಂದಿಗೆ ಚೌಕಾಸಿ ಮಾಡಲು ಸಾಧ್ಯವಾದದ್ದರ ಹಿಂದೆ ಈ ಅಕ್ಕಿಯೂ ಇತ್ತು.

ಅಳಿವೆಯ ದಕ್ಷಿಣ ದಡದಲ್ಲಿ ಉಳ್ಳಾಲ. ಅಲ್ಲಿನ ಚೌಟ ವಂಶದ ಅಬ್ಬಕ್ಕ ಪೋರ್ಚುಗೀಸರಿಗೆ ಮಣಿಯದೆ ಹೋರಾಡಿದ ಕಥೆ ನಮಗೆಲ್ಲ ಗೊತ್ತು. ಒಂದು ಎಚ್ಚರಿಕೆ: ಅಬ್ಬಕ್ಕ ಎಂಬ ಹೆಸರಿನ ರಾಣಿ ಒಬ್ಬಳೇ ಅಲ್ಲ ಎನ್ನುತ್ತಾರೆ ಇತಿಹಾಸಕಾರರು. ಜನಪದ ಕಥೆಯಲ್ಲಿ ಎಲ್ಲರೂ ಸೇರಿ ಒಬ್ಬಳಾಗಿದ್ದಾರೆ. ಇಸವಿಗಳು ಹೊಂದದೆ ಹೋದರೆ ಗಾಬರಿ ಬೇಡ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅರಮನೆಯಲ್ಲಲ್ಲ, ದಾರಿಯಲ್ಲಿ. ಅವಳು ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿನ ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು. ನೋಡಿದರೆ ರಾಣಿ ಅನಿಸಲಿಲ್ಲ, ಮಾತಾಡಿದಾಗ ರಾಣಿ ಎಂದು ಗೊತ್ತಾಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ಪ್ರತಿಮೆಗಳಲ್ಲಿ ಅಬ್ಬಕ್ಕನ ಕೈಗೆ ಕತ್ತಿ ಕೊಡುತ್ತೇವೆ, ಅದು ಸರಿಯೇ. ಆದರೆ ಗದ್ದೆಯ ನೀರಿನ ಬಗ್ಗೆ ತಲೆಕೆಡಿಸಿಕೊಂಡ ಈ ರಾಣಿಯೂ ಪಠ್ಯಪುಸ್ತಕದಲ್ಲಿ ಇರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅಕ್ಕಿಯೇ ಸಂಪತ್ತಾಗಿದ್ದ ನಾಡಿನಲ್ಲಿ ಕಾಲುವೆ ನೋಡುವುದು ರಾಜ್ಯಭಾರವೇ.

ಮುತ್ತಿಗೆ, ಒಪ್ಪಂದ, ಬತ್ತೇರಿ

1763ರಲ್ಲಿ ಹೈದರ್ ಅಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಗೆದ್ದ ಮೇಲೆ ಮಂಗಳೂರು ಅವನ ಕೈಗೆ ಬಂತು. ಸಮುದ್ರವಿಲ್ಲದ ಮೈಸೂರಿಗೆ ಹಡಗು ಕಟ್ಟುವ ಜಾಗ ಸಿಕ್ಕಿತು. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರು ಕೋಟೆ ಹಿಡಿದರು. ಟಿಪ್ಪು 1783ರ ಮೇ ತಿಂಗಳಲ್ಲಿ ಮುತ್ತಿಗೆ ಹಾಕಿದ. ಒಳಗಿದ್ದ ಕರ್ನಲ್ ಕ್ಯಾಂಬೆಲ್‌ನ ಪಡೆ ಹಸಿವು, ರೋಗಗಳಿಂದ ಬಸವಳಿದು 1784ರ ಜನವರಿ ಕೊನೆಯಲ್ಲಿ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದ. ಗೆದ್ದ ಜಾಗ, ಹಿಡಿದ ಸೆರೆಯಾಳುಗಳನ್ನು ಎರಡೂ ಕಡೆಯವರು ಬಿಟ್ಟುಕೊಡಬೇಕು ಎಂಬುದು ಸಾರ. ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಇದು ಅವಮಾನ ಅನಿಸಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದ ಜೊತೆ ಇದನ್ನು ಬೆರೆಸಬೇಡಿ, ಅದು ಮೂರನೇ ಯುದ್ಧದ್ದು.

ಅದೇ 1784ರಲ್ಲಿ ಇನ್ನೊಂದು ನೋವಿನ ಘಟನೆ ಇದೆ. ಇಂಗ್ಲಿಷರಿಗೆ ನೆರವಾದರೆಂಬ ಅನುಮಾನದಲ್ಲಿ ಟಿಪ್ಪು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಉಳಿದವರು ಮರಳಿದ್ದು 1799ರ ನಂತರ. 1680ರ ಮಿಲಾಗ್ರಿಸ್ ಚರ್ಚ್ ಆಗ ನೆಲಸಮವಾಗಿ ಆಮೇಲೆ ಮತ್ತೆ ಕಟ್ಟಿದ್ದು. ಟಿಪ್ಪುವಿನ ಶೌರ್ಯವನ್ನೋ ಈ ಸೆರೆಯನ್ನೋ, ಯಾವುದಾದರೂ ಒಂದನ್ನೇ ಓದಿ ನಿಲ್ಲಿಸಬಾರದು.

ಬೋಳೂರಿನ ಸುಲ್ತಾನ್ ಬತ್ತೇರಿಯೂ 1784ರದ್ದೇ. ಕಪ್ಪು ಕಲ್ಲಿನ ಚಿಕ್ಕ ಕಟ್ಟಡ, ಗೋಡೆಯ ತುಂಬ ಫಿರಂಗಿ ಕಿಂಡಿಗಳು. ಮೇಲೆ ಹತ್ತಿ ನಿಂತರೆ ಎದುರಿಗೆ ಗುರುಪುರ ಹೊಳೆ, ಆಚೆ ತಣ್ಣೀರುಬಾವಿ, ಅದರಾಚೆ ಸಮುದ್ರ. ಅಳಿವೆಯಿಂದ ಯುದ್ಧದ ಹಡಗು ಹೊಳೆಯೊಳಗೆ ನುಗ್ಗಬಾರದು, ಅದಕ್ಕೇ ಈ ಜಾಗ.

ಹಂಚು ಮತ್ತು ಅಚ್ಚು

1799ರಿಂದ ಕಂಪನಿ ಆಡಳಿತ, ಮದ್ರಾಸ್ ಪ್ರಾಂತ್ಯ. 1837ರಲ್ಲಿ ಅಮರ ಸುಳ್ಯದ ರೈತರ ದಂಗೆ ಮಂಗಳೂರನ್ನು ಕೆಲವು ದಿನ ಕೈವಶ ಮಾಡಿಕೊಂಡಿತು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು.

1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಬಂತು. ಮತಾಂತರವಾದವರು ತಮ್ಮ ಜಾತಿಯ ಕಸುಬು, ಆಸರೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕೊಡಲು ನೇಯ್ಗೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಶುರುವಾದವು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚು ಮಾಡಿಸಲು ತೊಡಗಿದ. ಇಲ್ಲೂ ಹೊಳೆಯೇ ಕಾರಣ: ಜೇಡಿಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ್ದು, ಮಣ್ಣು ತರುವುದೂ ಹಂಚು ಸಾಗಿಸುವುದೂ ದೋಣಿಯಲ್ಲಿ. ಒಂದರ ಅಂಚು ಇನ್ನೊಂದರ ತಗ್ಗಿಗೆ ಕೂರುವ ಚಪ್ಪಟೆ ಹಂಚು ಅದು. ಹುಲ್ಲು, ತೆಂಗಿನ ಮಡಲಿನ ಮಾಡಿಗೆ ಬೆಂಕಿಯ ಭಯ, ವರ್ಷವರ್ಷ ಹೊದಿಸುವ ಕೆಲಸ. ಹಂಚಿಗೆ ಅದೆರಡೂ ಇಲ್ಲ. ಹಳೆ ಮನೆ ಕೆಡವುವ ಕಡೆ ಹಂಚು ಸಿಕ್ಕಿದರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ ಹಂಚಿನಲ್ಲಿ 1865 ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ. ಅದನ್ನೇ ಮನೆಯ ವಯಸ್ಸು ಎಂದು ಬರೆದುಕೊಳ್ಳಬೇಡಿ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಸಂಪಾದಕ ಹರ್ಮನ್ ಮೋಗ್ಲಿಂಗ್, ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಅದು ಬಳ್ಳಾರಿಗೆ ಹೋಯಿತು, ಅಲ್ಲಿ ಅಚ್ಚುಮೊಳೆಗಳು, ಅಂದರೆ ಒಂದೊಂದು ಅಕ್ಷರದ ಲೋಹದ ಅಚ್ಚುಗಳು ಇದ್ದವು. ಆದರೂ ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಇದೇ ಕಾಲದ ಇನ್ನೊಂದು ನೋಡಲೇಬೇಕಾದ ಜಾಗ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಅದರ ಗೋಡೆ, ಮಾಡುಗಳ ತುಂಬ ಚಿತ್ರ ಬಿಡಿಸಿದ್ದಾನೆ.

1907ರಲ್ಲಿ ದಕ್ಷಿಣದ ಕಡೆಯಿಂದ ರೈಲು ಬಂತು. ಹಾಸನದ ಕಡೆಯ ಘಟ್ಟದ ರೈಲಿಗೆ 1979ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಳಿವೆಯ ಹಳೆಯ ಸಮಸ್ಯೆಗೆ ಬೇರೆಯೇ ಪರಿಹಾರ ಸಿಕ್ಕಿತ್ತು. ಹೊಳೆಬಾಯಿಯನ್ನೇ ಬಿಟ್ಟು ಉತ್ತರಕ್ಕೆ ಪಣಂಬೂರಿನಲ್ಲಿ ನೆಲ ಅಗೆದು, ಹೂಳೆತ್ತಿ, ದೊಡ್ಡ ಹಡಗು ಒಳಗೇ ಬರುವ ಹಾಗೆ ನವಮಂಗಳೂರು ಬಂದರು ಕಟ್ಟಿದರು. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಕುದುರೆಮುಖದ ಅದಿರು ಹೊರಹೋದದ್ದು ಅಲ್ಲಿಂದ, ಕಚ್ಚಾ ತೈಲ ಬರುವುದೂ ಅಲ್ಲಿಗೇ. ಹಳೆ ಬಂದರಿನ ಧಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಈಗ ಮೀನುಗಾರಿಕೆಯದ್ದೇ ಗದ್ದಲ. ಅದರ ಪಕ್ಕದಲ್ಲಿ ಲಕ್ಷದ್ವೀಪಕ್ಕೆ ತರಕಾರಿ, ಮನೆ ಕಟ್ಟುವ ಸಾಮಾನು ತುಂಬಿಕೊಂಡು ಹೋಗುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ನಿಂತಿರುತ್ತವೆ. ಮಳೆಗಾಲ ಶುರುವಾದರೆ ಅವು ಇಂದಿಗೂ ಅಳಿವೆ ದಾಟುವುದಿಲ್ಲ.