ಎರಡನೇ ಪಿಕಪ್ ಎಲ್ಲಿ ಹೋಯ್ತು?

ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಫೈಬರ್ ಬಂದ ಮೇಲೆ ಒಂದು ತೊಂದರೆ ಶುರುವಾಯಿತು. ವಿಡಿಯೊ ಸರಾಗವಾಗಿ ಓಡುತ್ತಿತ್ತು. ಅಪ್ಪ ದಿನಾ ನೋಡುವ ಕಾಫಿ ದರದ ಪುಟ ಮಾತ್ರ ಸುತ್ತಿ ಸುತ್ತಿ ನಿಲ್ಲುತ್ತಿತ್ತು. ಮಳೆಗೆ ವೈರು ಹಾಳಾಗಿದೆ ಅಂದುಕೊಂಡೆ. ವೈರು ಸರಿಯಾಗೇ ಇತ್ತು. ಸಿಕ್ಕಿಹಾಕಿಕೊಂಡಿದ್ದು ಡಿಎನ್‌ಎಸ್ ಉತ್ತರ.

ಜಾಲತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವುದು ಡಿಎನ್‌ಎಸ್ ಕೆಲಸ. ಸಾಮಾನ್ಯವಾಗಿ ಇದು ಯುಡಿಪಿಯಲ್ಲಿ, ಅಂದರೆ ತಲುಪಿತೋ ಇಲ್ಲವೋ ಎಂದು ಕೇಳದೆ ಕಳಿಸಿಬಿಡುವ ವಿಧಾನದಲ್ಲಿ, ನಡೆಯುತ್ತದೆ: ಒಂದು ಪ್ಯಾಕೆಟ್ ಪ್ರಶ್ನೆ, ಒಂದು ಪ್ಯಾಕೆಟ್ ಉತ್ತರ. 1987ರ ನಿಯಮದ ಪ್ರಕಾರ ಆ ಉತ್ತರ 512 ಬೈಟ್ ದಾಟುವಂತಿರಲಿಲ್ಲ. 1999ರಲ್ಲಿ ಡಿಎನ್‌ಎಸ್‌ಗೆ ಇಡಿಎನ್‌ಎಸ್ ಎಂಬ ವಿಸ್ತರಣೆ ಬಂತು. ಎಷ್ಟು ದೊಡ್ಡ ಉತ್ತರದವರೆಗೆ ತಗೋತೀನಿ ಎಂದು ಕೇಳುವವರೇ ಅಳತೆ ಹೇಳುವಂತಾಯಿತು. ಬಹಳ ಕಡೆ 4096 ಎಂದಿಟ್ಟರು. ನಮ್ಮ ಮನೆಯಲ್ಲಿ ನಾನು ನಡೆಸುವ ರಿಸಾಲ್ವರ್‌ನಲ್ಲೂ (ಮನೆಯವರ ಪರವಾಗಿ ಡಿಎನ್‌ಎಸ್ ಪ್ರಶ್ನೆ ಕೇಳುವ ತಂತ್ರಾಂಶ) ಅದೇ ಇತ್ತು. ಉತ್ತರ ನಕಲಿಯಲ್ಲ ಎಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳು ಸೇರಿದ ಮೇಲೆ ಉತ್ತರಗಳೂ ದಪ್ಪಗಾದವು.

ದಾರಿ ಮಾತ್ರ ಅಷ್ಟು ಅಗಲವಿಲ್ಲ. ವೈರಿನ ಜಾಲವಾದ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ಗೆ ಮುಗಿಯಿತು. ಅದಕ್ಕಿಂತ ದೊಡ್ಡದನ್ನು ತುಂಡು ಮಾಡಲೇಬೇಕು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಭಾರಿ ಲಾರಿ ಇಳಿಯುವುದು ಕಷ್ಟ ಅಲ್ವಾ? ಕೊಟ್ಟಿಗೆಹಾರದಲ್ಲಿ ಲೋಡನ್ನು ಎರಡು ಪಿಕಪ್‌ಗೆ ಹಂಚಿದಿರಿ ಅನ್ನಿ. ಬಿಲ್ಲು ಮೊದಲ ಗಾಡಿಯಲ್ಲೇ ಉಳಿಯಿತು. ಚೆಕ್‌ಪೋಸ್ಟ್‌ನಲ್ಲಿ ಎರಡನೆಯದನ್ನು ಬಿಡ್ತಾರಾ? ಇಲ್ಲೂ ಹಾಗೇ. ಪ್ಯಾಕೆಟ್ ಯಾವ ಪ್ರೋಗ್ರಾಂಗೆ ಸೇರಿದ್ದು ಎಂದು ಹೇಳುವ ಯುಡಿಪಿಯ ಪೋರ್ಟ್ ನಂಬರ್ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಬಂದದ್ದನ್ನು ತಪಾಸಣೆ ಮಾಡುವ ಎಷ್ಟೋ ಫೈರ್‌ವಾಲ್‌ಗಳು ಎರಡನೆಯದನ್ನು ಸದ್ದಿಲ್ಲದೆ ಎಸೆಯುತ್ತವೆ. ಒಂದು ತುಂಡು ಹೋದರೆ ಇಡೀ ಉತ್ತರ ಹೋದಂತೆ. ಕೇಳಿದವರಿಗೆ ಯಾರೂ ಏನೂ ಹೇಳುವುದಿಲ್ಲ, ಸುಮ್ನೆ ಕಾಯಬೇಕು. ನನ್ನ ಮಟ್ಟಿಗೆ ಈ ಮೌನವೇ ದೊಡ್ಡ ತೊಂದರೆ. 'ಆಗಲ್ಲ' ಎಂದಿದ್ದರೆ ಬೇರೆ ದಾರಿ ಹುಡುಕಬಹುದಿತ್ತು.

ಅಳೆದೇ ನೋಡೋಣ ಎಂದು ಒಂದು ಸಂಜೆ ಕೂತೆ. ತುಂಡು ಮಾಡಬೇಡ ಎಂದು ಗುರುತು ಹಾಕಿ ಪಿಂಗ್ ಎಂಬ ಪರೀಕ್ಷೆಯ ಪ್ಯಾಕೆಟ್ ಕಳಿಸಿದೆ. 1464 ಬೈಟ್ ಹೋಯಿತು. 1465 ಹೋಗಲಿಲ್ಲ. ಹೆಡರ್‌ಗಳ (ಪ್ಯಾಕೆಟ್‌ಗೆ ಅಂಟಿಸುವ ವಿಳಾಸದ ಚೀಟಿಗಳ) 28 ಸೇರಿಸಿದರೆ 1492. ಫೈಬರ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಸಂಪರ್ಕವೇ 1500ರಲ್ಲಿ 8 ಬೈಟ್ ತಿಂದಿತ್ತು.

2020ರ ಅಕ್ಟೋಬರ್ 1ರ ಡಿಎನ್‌ಎಸ್ ಫ್ಲ್ಯಾಗ್ ಡೇ (ಡಿಎನ್‌ಎಸ್ ನಡೆಸುವವರು ಸೇರಿ ಬದಲಾವಣೆಗೆ ಗೊತ್ತುಮಾಡಿದ ದಿನ) ಸೂಚಿಸಿದ ಅಳತೆ 1232. ಐಪಿಯ ಹೊಸ ಆವೃತ್ತಿಯಾದ ಐಪಿವಿ6ನ ಪ್ರತಿ ದಾರಿಯೂ ಹೊರಲೇಬೇಕಾದ 1280ರಲ್ಲಿ ಹೆಡರ್‌ಗಳ 40 ಮತ್ತು 8 ಕಳೆದರೆ ಸಿಗುವುದು ಅಷ್ಟೇ. ಉತ್ತರ ಅದರಲ್ಲಿ ಹಿಡಿಸದಿದ್ದರೆ ಸರ್ವರ್ 'ಪೂರ್ತಿ ಇಲ್ಲ' ಎಂಬ ಗುರುತು ಕಳಿಸುತ್ತದೆ. ರಿಸಾಲ್ವರ್ ಟಿಸಿಪಿಯಲ್ಲಿ, ಅಂದರೆ ತಲುಪಿದ್ದನ್ನು ಖಚಿತಪಡಿಸಿಕೊಂಡೇ ಕಳಿಸುವ ವಿಧಾನದಲ್ಲಿ, ಮತ್ತೆ ಕೇಳುತ್ತದೆ. ಒಂದೆರಡು ಸುತ್ತು ಜಾಸ್ತಿ, ಅಷ್ಟೇ.

4096 ಅಳಿಸಿ 1232 ಬರೆದೆ. ಕಾಫಿ ದರದ ಪುಟ ಆ ರಾತ್ರಿಯೇ ತೆರೆಯಿತು. ಅಪ್ಪ ಕನ್ನಡಕ ಹಾಕಿಕೊಂಡು ರೋಬಸ್ಟಾ ರೇಟು ನೋಡಲು ಕೂತರು.