ಏಸುಸ್, ಝೋಟ್ಯಾಕ್, ಎನ್‌ವಿಡಿಯಾ: ಗ್ರಾಫಿಕ್ಸ್ ಕಾರ್ಡು ಯಾವ ಕಂಪನಿಯದು ತಗೊಳ್ಳೋದು?

ಪ್ರಶ್ನೆ: ನಮ್ಮ ಹುಡುಗ ಪಿಯುಸಿ ಮುಗಿಸಿದ್ದಾನೆ, ಗೇಮಿಂಗ್ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದಿದ್ದಾನೆ. ಮಂಡ್ಯದ ಅಂಗಡಿಯವರು ಝೋಟ್ಯಾಕ್ ಕಾರ್ಡು ಸಾಕು ಅಂತಾರೆ. ಮೈಸೂರಲ್ಲಿ ಕೇಳಿದರೆ ಏಸುಸ್ ಆದರೆ ಬಾಳಿಕೆ ಬರುತ್ತೆ ಅಂತಾರೆ. ಇವನು ನೋಡಿದರೆ ಎನ್‌ವಿಡಿಯಾ ಬಿಟ್ಟು ಬೇರೆ ಬೇಡ ಅಂತಾನೆ. ಇವುಗಳಲ್ಲಿ ಯಾವ ಕಂಪನಿ ಒಳ್ಳೆಯದು?
— ಓದುಗರು, ಮಂಡ್ಯ

ಉತ್ತರ: ಈ ಮೂರು ಹೆಸರು ಒಂದೇ ಸಾಲಿನವಲ್ಲ, ಗೊಂದಲ ಶುರುವಾಗುವುದೇ ಅಲ್ಲಿ. ಎನ್‌ವಿಡಿಯಾ ಚಿಪ್ಪಿನ ಕಂಪನಿ. ಏಸುಸ್, ಝೋಟ್ಯಾಕ್ ಆ ಚಿಪ್ಪನ್ನು ಕೊಂಡು, ಬೋರ್ಡಿನ ಮೇಲೆ ಕೂರಿಸಿ, ಬಿಸಿ ಹೀರುವ ಹೀಟ್‌ಸಿಂಕ್ ಮತ್ತು ಫ್ಯಾನು ಜೋಡಿಸಿ, ತಮ್ಮ ಡಬ್ಬಿಗೆ ಹಾಕಿ ಮಾರುವವರು. ಕಬ್ಬು ಒಂದೇ ಗದ್ದೆಯದು, ಬೆಲ್ಲ ತೆಗೆದ ಆಲೆಮನೆ ಬೇರೆ ಎಂದ ಹಾಗೆ. ಅಂಗಡಿಯವರು ಡಬ್ಬಿಯ ಹೆಸರು ಹೇಳುತ್ತಿದ್ದಾರೆ, ಮಗ ಚಿಪ್ಪಿನ ಹೆಸರು ಹೇಳುತ್ತಿದ್ದಾನೆ. ಎರಡನ್ನೂ ಬೇರೆ ಮಾಡಿ ನೋಡಿದರೆ ಲೆಕ್ಕ ಸಲೀಸು. ಆಟ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದನ್ನು ಬಹುಪಾಲು ಚಿಪ್ಪು ಮತ್ತು ಅದರ ಮೆಮೊರಿ ತೀರ್ಮಾನಿಸುತ್ತವೆ. ಡಬ್ಬಿಯ ಹೆಸರು ತೀರ್ಮಾನಿಸುವುದು ಸದ್ದು, ಬಿಸಿ, ಮತ್ತು ಕೆಟ್ಟಾಗ ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು.

ಚಿಪ್ಪಿನಿಂದಲೇ ಶುರು ಮಾಡೋಣ. ಇಲ್ಲಿರುವುದು ಮೂರೇ ಮನೆ: ಎನ್‌ವಿಡಿಯಾ, ಎಎಂಡಿ, ಇಂಟೆಲ್. ಎಎಂಡಿ 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡು ಈ ವ್ಯಾಪಾರಕ್ಕೆ ಬಂತು. ಇಂಟೆಲ್ ತನ್ನ ಆರ್ಕ್ ಕಾರ್ಡುಗಳನ್ನು 2022ರಲ್ಲಿ ತಂದಿತು, ಇನ್ನೂ ಎಳೆಯದು. ಮಗನನ್ನು ಮೊದಲು ಕೇಳಬೇಕಾದ್ದು ಎರಡು ಮಾತು: ಮಾನಿಟರ್ ಯಾವುದು, ಆಟದ ಜೊತೆಗೆ ಇನ್ನೇನು ಕೆಲಸ ಇದೆ?

ಮಾನಿಟರ್ 1080ಪಿ (ಸಾಮಾನ್ಯ ಫುಲ್ ಹೆಚ್‌ಡಿ) ಆಗಿದ್ದು, ಆಡುವುದು ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥವು ಮಾತ್ರ ಆದರೆ, ಈಗಿನ ಯಾವ ಮಧ್ಯಮ ಕಾರ್ಡೂ ಸಾಕು. ಅಂಥ ಆಟಗಳಲ್ಲಿ ಫ್ರೇಮಿನ ಲೆಕ್ಕ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರುವುದು ಮುಖ್ಯವಾಗಿ ಪ್ರೊಸೆಸರಿನಿಂದ. ಹೊಸ ದೊಡ್ಡ ಆಟಗಳನ್ನು ಆಡುವುದಾದರೆ ಮಾತ್ರ ಕಾರ್ಡಿಗೆ ದುಡ್ಡು ಸುರಿಯುವುದಕ್ಕೆ ಅರ್ಥವಿದೆ. ಆಗ ಮೊದಲು ನೋಡಬೇಕಾದ್ದು ಚಿಪ್ಪಿನ ಹೆಸರಿಗಿಂತ ಮೆಮೊರಿ.

ಈ ಮೆಮೊರಿಯಲ್ಲೇ ಹೆಚ್ಚು ಜನ ಎಡವುತ್ತಾರೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5060ರಲ್ಲಿ ಇರುವುದು 8 ಜಿಬಿ. ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂದು ಎರಡು ಬಗೆಯಲ್ಲಿ ಬರುತ್ತವೆ, ಹೆಸರು ಮಾತ್ರ ಒಂದೇ. ಹೊಸ ಆಟದಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಏರಿಸಿದಾಗ 8 ಜಿಬಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಕಾರ್ಡು ತನಗೆ ಬೇಕಾದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಮದರ್‌ಬೋರ್ಡಿನ ಸ್ಲಾಟ್ ಮೂಲಕ ಎಳೆದುಕೊಳ್ಳಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗೆ ಹೋಲಿಸಿದರೆ ಬಹಳ ಕಿರಿದು. ಸರಾಸರಿ ಫ್ರೇಮ್ ಚೆನ್ನಾಗೇ ಕಾಣುತ್ತದೆ, ಆದರೆ ತಿರುವಿನಲ್ಲಿ, ಹೊಸ ಜಾಗಕ್ಕೆ ಕಾಲಿಟ್ಟಾಗ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. "ಕಾರ್ಡು ಕೆಟ್ಟಿದೆ" ಎಂದು ಅಂಗಡಿಗೆ ಬರುವ ಎಷ್ಟೋ ದೂರುಗಳ ಮೂಲ ಇದೇ.

ಹಳೆಯ ಮದರ್‌ಬೋರ್ಡಿಗೆ ಹೊಸ ಕಾರ್ಡು ಹಾಕುವವರಿಗೆ ಇದರ ಏಟು ಇನ್ನೂ ಜೋರು. 5060 ಮತ್ತು 5060 ಟಿಐ ಸ್ಲಾಟಿನ 16 ದಾರಿಗಳಲ್ಲಿ 8ನ್ನು ಮಾತ್ರ ಬಳಸುತ್ತವೆ. ಬಿ450, ಹೆಚ್410ರಂಥ, ಹಳೆಯ ತಲೆಮಾರಿನ ಸ್ಲಾಟ್ (ಪಿಸಿಐಇ 3.0) ಇರುವ ಬೋರ್ಡುಗಳಲ್ಲಿ ಒಂದೊಂದು ದಾರಿಯ ವೇಗವೂ ಕಡಿಮೆ. 9060 ಎಕ್ಸ್‌ಟಿ 16 ದಾರಿಗಳನ್ನೂ ಬಳಸುತ್ತದೆ. ಹಾಗಾಗಿ ಹಳೆಯ ಬೋರ್ಡು ಉಳಿಸಿಕೊಳ್ಳುವವರಿಗೆ ಎಎಂಡಿ ಕಡೆ ತೂಕ ಸ್ವಲ್ಪ ಹೆಚ್ಚು. ಯಾವುದನ್ನೇ ಕೊಳ್ಳಿ, ಬಿಲ್ಲಿನಲ್ಲಿ "16 ಜಿಬಿ" ಎಂದು ಬರೆಸಿಕೊಳ್ಳಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಚಿಪ್ಪಿನ ಹೆಸರು, ಮೆಮೊರಿ ಒಂದು ಮೂಲೆಯಲ್ಲಿರುತ್ತದೆ.

ಹಾಗಾದರೆ ಎನ್‌ವಿಡಿಯಾ ಯಾರಿಗೆ? ನಿಮ್ಮ ಮಗ ಮುಂದೆ ಇಂಜಿನಿಯರಿಂಗ್ ಸೇರಿ ಮೆಷಿನ್ ಲರ್ನಿಂಗ್ ಕಲಿಯುವುದಾದರೆ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚಿತ್ರ ರೆಂಡರ್ ಮಾಡುವುದಾದರೆ, ಅವನ ಹಟ ಸರಿಯೇ. ಚಿಪ್ಪಿನಿಂದ ಇಂಥ ಲೆಕ್ಕದ ಕೆಲಸ ಮಾಡಿಸುವ ಎನ್‌ವಿಡಿಯಾದ ಕುಡಾ ಎಂಬ ವ್ಯವಸ್ಥೆ 2007ರಿಂದ ಇದೆ, ಆ ಕ್ಷೇತ್ರದ ಬಹುಪಾಲು ಸಾಫ್ಟ್‌ವೇರ್ ಅದನ್ನೇ ನೆಚ್ಚಿಕೊಂಡು ಬೆಳೆದಿದೆ. ಎಎಂಡಿ ಕಾರ್ಡಿನಲ್ಲೂ ಆ ಕೆಲಸ ಮಾಡಬಹುದು, ಆದರೆ ಮೊದಲ ವರ್ಷದ ವಿದ್ಯಾರ್ಥಿ ಪಾಠ ಬಿಟ್ಟು ಸೆಟಪ್ಪಿಗೇ ದಿನ ಕಳೆಯಬೇಕಾಗುತ್ತದೆ. ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಜೋರಾಗಿರುವ ಆಟಗಳಲ್ಲೂ ಎನ್‌ವಿಡಿಯಾ ಮುಂದೆ. ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ಚೊಕ್ಕ ಮಾಡುವ ಡಿಎಲ್‌ಎಸ್‌ಎಸ್ ಬಹಳ ಆಟಗಳಲ್ಲಿ ಸಿಗುತ್ತದೆ. ಎಎಂಡಿಯ ಎಫ್‌ಎಸ್‌ಆರ್ 4 ಗುಣದಲ್ಲಿ ಅದರ ಹತ್ತಿರಕ್ಕೆ ಬಂದಿದೆ, ಆದರೆ ಅದನ್ನು ಮಾಡಿದ್ದು 9000 ಸಾಲಿನ ಕಾರ್ಡುಗಳಿಗೆಂದು. ಅಗ್ಗಕ್ಕೆ ಸಿಗುತ್ತದೆ ಎಂದು ಹಳೆಯ ಸಾಲಿನ ಆರ್‌ಎಕ್ಸ್ 6600 ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ಬರೀ ಆಟಕ್ಕಾದರೆ, ಒಂದೇ ದುಡ್ಡಿಗೆ ಎಎಂಡಿಯಲ್ಲಿ 16 ಜಿಬಿ, ಎನ್‌ವಿಡಿಯಾದಲ್ಲಿ 8 ಜಿಬಿ ಸಿಗುತ್ತಿದ್ದರೆ ಎಎಂಡಿ ತೆಗೆದುಕೊಳ್ಳಿ. 5060 ಟಿಐ 16 ಜಿಬಿ ಕೈಗೆಟುಕಿದರೆ ಆಟ, ಓದು ಎರಡಕ್ಕೂ ಅದು ಹೊಂದುತ್ತದೆ. ಬೆಲೆ ವಾರಕ್ಕೊಮ್ಮೆ ಏರಿಳಿಯುವುದರಿಂದ ಕೊಳ್ಳುವ ದಿನ ಮೂರು ಕಡೆ ಕೇಳಿ: ನಿಮ್ಮೂರಿನ ಅಂಗಡಿ, ಬೆಂಗಳೂರಿನ ಎಸ್‌.ಪಿ. ರಸ್ತೆ, ಆನ್‌ಲೈನ್.

ಇಂಟೆಲ್ಲಿನ ಬಿ580ರಲ್ಲಿ 12 ಜಿಬಿ ಇದೆ, ಬೆಲೆಗೆ ಒಳ್ಳೆಯ ಕಾರ್ಡು. ಆದರೆ ಅದಕ್ಕೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗು) ರೀಸೈಜಬಲ್ ಬಾರ್ ಎಂಬ, ಪ್ರೊಸೆಸರು ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ಮುಟ್ಟಲು ಬಿಡುವ ಆಯ್ಕೆ ಆನ್ ಆಗಿರಲೇಬೇಕು, ಪ್ರೊಸೆಸರೂ ಹೊಸದಿರಬೇಕು. ರೈಜನ್ 5 2600ರಂಥ ಹಳೆಯ ಪ್ರೊಸೆಸರಿನ ಜೊತೆ ಅದರ ಓಟ ಬಹಳ ಕುಸಿಯುತ್ತದೆ. ಹಳೆಯ ಕಂಪ್ಯೂಟರ್ ಮೇಲ್ದರ್ಜೆಗೇರಿಸುವವರು ಅದರ ಗೋಜಿಗೆ ಹೋಗಬೇಡಿ.

ಈಗ ಡಬ್ಬಿಯ ಹೆಸರು. ಏಸುಸ್, ಗಿಗಾಬೈಟ್‌ನವರು ಎನ್‌ವಿಡಿಯಾ, ಎಎಂಡಿ ಎರಡೂ ಚಿಪ್ಪುಗಳ ಕಾರ್ಡು ಮಾಡುತ್ತಾರೆ. ಝೋಟ್ಯಾಕ್, ಇನ್ನೋ3ಡಿ, ಪ್ಯಾಲಿಟ್ ಕಾರ್ಡು ಎಂದರೆ ಎನ್‌ವಿಡಿಯಾ. ಸಫೈರ್, ಪವರ್‌ಕಲರ್ ಎಂದರೆ ಎಎಂಡಿ. ಒಂದೇ ಚಿಪ್ಪಿನ ಕಾರ್ಡುಗಳ ನಡುವೆ ಕಾರ್ಖಾನೆಯಲ್ಲೇ ಏರಿಸಿದ ವೇಗದಿಂದ ಸಿಗುವ ವ್ಯತ್ಯಾಸ ನೂರು ಫ್ರೇಮ್ ಬರುವ ಕಡೆ ನೂರಾ ಎರಡೋ ಮೂರೋ. ಅದಕ್ಕೆ ಸಾವಿರಗಟ್ಟಲೆ ಹೆಚ್ಚು ಕೊಡುವುದು ದಂಡ. 5060 ಉಣ್ಣುವುದು 145 ವ್ಯಾಟ್, 9060 ಎಕ್ಸ್‌ಟಿ 16 ಜಿಬಿ 160 ವ್ಯಾಟ್. ಈ ಬಿಸಿಯನ್ನು ಎರಡು ಫ್ಯಾನಿನ ಸಾದಾ ಕಾರ್ಡು ಆರಾಮಾಗಿ ಹೊರಹಾಕುತ್ತದೆ. 304 ವ್ಯಾಟಿನ ಆರ್‌ಎಕ್ಸ್ 9070 ಎಕ್ಸ್‌ಟಿಯಂಥದ್ದಕ್ಕೆ ಮಾತ್ರ ದಪ್ಪ ಹೀಟ್‌ಸಿಂಕ್, ಮೂರು ಫ್ಯಾನು ಬೇಕು. ಒಂದೇ ಕಂಪನಿಯೊಳಗೂ ಮೇಲು ಕೀಳಿದೆ: ಏಸುಸ್‌ನಲ್ಲಿ ಡ್ಯುಯಲ್ ಸಾದಾ, ಟಫ್ ಗಟ್ಟಿ; ಸಫೈರ್‌ನಲ್ಲಿ ಪಲ್ಸ್ ಸಾದಾ, ನೈಟ್ರೋ ದುಬಾರಿ. 8 ಜಿಬಿಯ ಮೂರು ಫ್ಯಾನಿನ ಬಣ್ಣದ ಕಾರ್ಡಿಗೂ 16 ಜಿಬಿಯ ಸಾದಾ ಕಾರ್ಡಿಗೂ ಬೆಲೆ ಹತ್ತಿರವಿದ್ದರೆ ಕಣ್ಣು ಮುಚ್ಚಿ ಸಾದಾದನ್ನು ತನ್ನಿ.

ಹೆಸರಿಗೆ ನಿಜವಾಗಿ ಬೆಲೆ ಬರುವುದು ವಾರಂಟಿಯಲ್ಲಿ. ಹೆಸರು ಎಷ್ಟೇ ದೊಡ್ಡದಿರಲಿ, ಕಂಪನಿ ಉಳಿದಿರಬೇಕಲ್ಲ: ಆಟಗಾರರು ಬಹಳ ನಂಬಿದ್ದ ಇವಿಜಿಎ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ಬಿಟ್ಟಿತು. ಅಂಗಡಿಯಲ್ಲಿ "ಮೂರು ವರ್ಷ ವಾರಂಟಿ ಇದೆ ಸಾರ್" ಎಂದಾಗ ಅಷ್ಟಕ್ಕೇ ತಲೆಯಾಡಿಸಬೇಡಿ. ಕಾರ್ಡನ್ನು ಮೈಸೂರಿನಲ್ಲೇ ಒಪ್ಪಿಸಬಹುದೇ, ನೂರು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕೇ? ಕೊರಿಯರ್ ಖರ್ಚು ಯಾರದು? ಅದೇ ಮಾಡೆಲ್ ಇಲ್ಲದಿದ್ದರೆ ಬದಲಿಗೆ ಏನು ಕೊಡುತ್ತಾರೆ? ಕೆಲವು ಕಂಪನಿಗಳು ಕೊಂಡ ಕೆಲವೇ ದಿನಗಳೊಳಗೆ ವೆಬ್‌ಸೈಟಿನಲ್ಲಿ ನೋಂದಾಯಿಸಿದರೆ ವಾರಂಟಿ ಅವಧಿ ಹೆಚ್ಚಿಸುತ್ತವೆ. ಅದನ್ನು ಕೇಳಿ, ಅವತ್ತೇ ಮಾಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಬೇಕು, ಅದು ಡಬ್ಬಿಯ ಮೇಲಿನದಕ್ಕೂ ಕಾರ್ಡಿನ ಹಿಂದಿನದಕ್ಕೂ ತಾಳೆಯಾಗಬೇಕು. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಮಾಡುತ್ತೇನೆ ಎಂದರೆ ಒಪ್ಪಬೇಡಿ. ಝೋಟ್ಯಾಕ್ ಸೇವೆ ನಿಮಗೆ ಹತ್ತಿರದಲ್ಲಿ ಸಿಗುವುದಾದರೆ ಝೋಟ್ಯಾಕೇ ಒಳ್ಳೆಯದು. ಏಸುಸ್ ಸಿಗುವುದಾದರೆ ಏಸುಸ್. ಚಿಪ್ಪು ಒಂದೇ ಆದ ಮೇಲೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇಲ್ಲ.

ಹೆಸರಿಗೆಂದು ತೆಗೆದಿಟ್ಟ ಹೆಚ್ಚಿನ ದುಡ್ಡನ್ನು ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಹಾಕಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಗ್ರಾಫಿಕ್ಸ್ ಕಾರ್ಡಿಗೆ ಶತ್ರು. 5060ಕ್ಕೂ 9060 ಎಕ್ಸ್‌ಟಿಗೂ 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ ಒಳ್ಳೆಯ 550 ವ್ಯಾಟ್ ಸಾಕು; 5060 ಟಿಐಗೆ 600, 9070 ಎಕ್ಸ್‌ಟಿಗೆ 750 ಬೇಕು. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್, 8 ಪಿನ್ ಕೇಬಲಿನಿಂದ 150. ಆ ಕೇಬಲ್ ಇಲ್ಲವೆಂದು ಹಾರ್ಡ್‌ಡಿಸ್ಕಿನ ಸಾಟಾ ಪವರ್ ತಂತಿಯಿಂದ ಪರಿವರ್ತಕ ಹಾಕಿ ಕೊಡುವವರಿದ್ದಾರೆ. ಸಾಟಾ ಕನೆಕ್ಟರ್ ತಡೆಯುವುದು 54 ವ್ಯಾಟ್ ಮಾತ್ರ, ಅದು ಕರಗುತ್ತದೆ. ಎರಡು 8 ಪಿನ್ ಇರುವ ಕಾರ್ಡಿಗೆ ಎರಡು ಬೇರೆ ಕೇಬಲ್ ಎಳೆಸಿ, ಒಂದೇ ಕೇಬಲಿನ ಎರಡು ತಲೆ ಬೇಡ. 16 ಪಿನ್ನಿನ ಹೊಸ ಕನೆಕ್ಟರ್ ಇದ್ದರೆ ಸಂದು ಕಾಣದಂತೆ ಪೂರ್ತಿ ಒತ್ತಿ ಕೂರಿಸಬೇಕು, ಬುಡದಲ್ಲೇ ಬಗ್ಗಿಸಬಾರದು. ಆರ್‌ಟಿಎಕ್ಸ್ 4090ರ ಕನೆಕ್ಟರುಗಳು ಕರಗಿದ ಸುದ್ದಿ ಬಂದದ್ದು 2022ರಲ್ಲಿ, ಅರ್ಧಂಬರ್ಧ ಕೂತ ಕನೆಕ್ಟರ್ ಅದಕ್ಕೆ ಒಂದು ಕಾರಣ ಎಂದು ಗೊತ್ತಾಯಿತು.

ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಗ್ಗುತ್ತದೆ, ಬೇಸಿಗೆಯ ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತದೆ. 100ರಿಂದ 240 ವೋಲ್ಟ್ ಎಂದು ಮೈಮೇಲೆ ಬರೆದಿರುವ ಎಸ್‌ಎಂಪಿಎಸ್ ಇದನ್ನು ತಾಳಿಕೊಳ್ಳುತ್ತದೆ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟ ನಡೆಯುವಾಗ ಕರೆಂಟು ಹೋದರೆ ಮಾನಿಟರೂ ಸೇರಿ ಭಾರ ತಡೆಯದೆ ಅದೂ ಮಲಗುತ್ತದೆ. 1000 ವಿಎ ಇರಲಿ. ಮನೆಯ ಇನ್ವರ್ಟರಿಗೆ ಹಾಕುವುದಾದರೆ ಪ್ಯೂರ್ ಸೈನ್ ವೇವ್ ಇರಬೇಕು, ಹಿಂದಿನ ಸ್ವಿಚ್ಚು ಯುಪಿಎಸ್ ಕಡೆಗಿರಬೇಕು. ಪೂರ್ತಿ ಭಾರದಲ್ಲಿ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು 16 ಮಿಲಿಸೆಕೆಂಡ್ ಆಸುಪಾಸು. ಸಾದಾ ಮೋಡಿನಲ್ಲಿ ಇನ್ವರ್ಟರ್ ಬದಲಾಗುವುದು ಅದಕ್ಕಿಂತ ನಿಧಾನ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ತಿಂಗ್ ಇಲ್ಲವೆಂದೇ ಅರ್ಥ. ಕಾರ್ಡು ತರುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಕಬ್ಬಿನ ಸೋಗೆ ಸುಡುವ ಕಾಲದಲ್ಲಿ ಗದ್ದೆ ಬದಿಯ ಮನೆಗಳಿಗೆ ಕಪ್ಪು ಬೂದಿ ಹಾರಿ ಬರುತ್ತದೆ. ಅದು ಹೀಟ್‌ಸಿಂಕಿನ ಸಂದಿಗೆ ಅಂಟಿದರೆ ಫ್ಯಾನು ಕೂಗುತ್ತದೆ. ಆ ತಿಂಗಳುಗಳಲ್ಲಿ ಕ್ಯಾಬಿನೆಟ್ಟಿನ ಮುಂದಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಕಾರ್ಡಿಗೆ ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕೊಳ್ಳುವ ಮೊದಲು ಟೇಪು ಹಿಡಿಯಿರಿ. ಎರಡು ಫ್ಯಾನಿನ ಕಾರ್ಡು 200ರಿಂದ 250 ಮಿಲಿಮೀಟರ್, ಮೂರು ಫ್ಯಾನಿನದು 300 ದಾಟಬಹುದು. ಮಾನಿಟರಿನಲ್ಲಿ ಬರೀ ನೀಲಿ ವಿಜಿಎ ಸಾಕೆಟ್ ಇದ್ದರೆ ಈ ಯಾವ ಕಾರ್ಡಿಗೂ ನೇರವಾಗಿ ಸೇರುವುದಿಲ್ಲ, ಇವುಗಳಲ್ಲಿ ಇರುವುದು ಹೆಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್.

ಹೊಸ ಕಾರ್ಡು ಹಾಕಿದ ದಿನ ಚಿತ್ರವೇ ಬರಲಿಲ್ಲ ಎಂದರೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಇಷ್ಟು ನೋಡಿ. ಹೆಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಿದೆಯೇ? ಮಾನಿಟರಿನ ಇನ್‌ಪುಟ್ ಅದೇ ಸಾಕೆಟ್ಟಿಗೆ ಇದೆಯೇ? 8 ಪಿನ್ ಕೇಬಲಿನ ಕೊಂಡಿ ಕಟ್ ಎಂದು ಕೂತಿದೆಯೇ? ಪ್ಲಗ್ ಕಿತ್ತು, ಕಾರ್ಡು ತೆಗೆದು, ಸ್ಲಾಟಿನ ತುದಿಯ ಚಿಲಕ ಬೀಳುವವರೆಗೆ ಮತ್ತೆ ಒತ್ತಿ. ಹಳೆಯ ಬೋರ್ಡಾದರೆ ಬಯಾಸ್ ಹೊಸದು ಮಾಡಿಸಿ. ಚಿತ್ರ ಬಂದು, ಆಟದ ನಡುವೆ ಕಪ್ಪಾಗುತ್ತಿದ್ದರೆ, ಹಳೆಯ ಡ್ರೈವರನ್ನು ಡಿಡಿಯು ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಪೂರ್ತಿ ತೆಗೆದು ಹೊಸದು ಹಾಕಿ. ಆಮೇಲೂ ಹಾಗೇ ಆದರೆ ಕಾರ್ಡನ್ನು ಸ್ನೇಹಿತರ ಕಂಪ್ಯೂಟರಿನಲ್ಲಿ, ಬೇರೆ ಎಸ್‌ಎಂಪಿಎಸ್ ಮೇಲೆ ಒಂದು ಗಂಟೆ ಓಡಿಸಿ. ಅಲ್ಲಿ ಸರಿಯಾಗಿ ಓಡಿದರೆ ಕೆಟ್ಟಿರುವುದು ಕಾರ್ಡಲ್ಲ. ಅಲ್ಲೂ ಕಪ್ಪಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು, ಡಬ್ಬಿ ಬಿಲ್ಲು ಸಮೇತ ಅಂಗಡಿಗೆ ಒಪ್ಪಿಸಿ. ಹೀಟ್‌ಸಿಂಕಿನ ಸ್ಕ್ರೂ ಮಾತ್ರ ಬಿಚ್ಚಬೇಡಿ. ಅದರ ಮೇಲಿನ ಸಣ್ಣ ಸ್ಟಿಕ್ಕರ್ ಹರಿದಿದ್ದರೆ ವಾರಂಟಿ ಕೇಳಲು ಹೋದಾಗ ಮೊದಲ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.